ತೊಟ್ಟಿಲ ಹಗ್ಗದ ಸಾಲು

ನನಗೆ ದೇವರ ಜೊತೆ ಮತ್ತೆ ಮಾತು ಬೆಳೆಯುವ ಹಾಗೆ ಮಾಡಿದ್ದು ಮಠದ ಸ್ವಾಮಿಗಳಲ್ಲ, ಪುರಾಣ ಹೇಳುವವರೂ ಅಲ್ಲ, ಮೀಸೆ ಇದ್ದ ಒಬ್ಬ ರಾಣಿ. ಆ ರಾಣಿ ನನ್ನ ಗಂಡ. ಹೀಗೆಂದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ, ನಗುವಂಥದ್ದೂ ಅದರಲ್ಲಿ ಇತ್ತು. ಆದರೆ ನಡೆದದ್ದು ಏನು ಎಂದು ಬಲ್ಲವಳು ಈಗ ನಾನೊಬ್ಬಳೇ ಉಳಿದಿರುವುದರಿಂದ, ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಬರೆದಿಡುತ್ತೇನೆ.

ನನ್ನ ತವರು ಭೇರ್ಯದ ಕಡೆ. ಅಪ್ಪ ಊರ ಶಾಲೆಯ ಮೇಷ್ಟ್ರು. ಹೆಣ್ಣುಮಕ್ಕಳಿಗೆ ಅಕ್ಷರ ಯಾಕೆ ಎನ್ನುವ ಕಾಲದಲ್ಲಿ, ಮಣೆ ಹಾಕಿ ಕೂರಿಸಿ ಓದು ಬರಹ ಕಲಿಸಿದರು. ನನ್ನನ್ನು ಕೊಟ್ಟದ್ದು ಕಂಪಲಾಪುರದ ಪಕ್ಕದ ಒಂದು ಹಳ್ಳಿಗೆ, ಬೇಸಾಯದ ಮನೆಗೆ. ದೊಡ್ಡ ಪಡಸಾಲೆ, ಎರಡು ಜೊತೆ ಎತ್ತು, ಅತ್ತೆ, ಮಾವ, ನಾವಿಬ್ಬರು. ಆ ಮನೆಯಲ್ಲಿ ಕಾಗದ ಪತ್ರ ಬಂದರೆ ಓದುತ್ತಿದ್ದವಳು ನಾನೇ. ಗಂಡನಿಗೆ ತನ್ನ ರುಜು ಹಾಕಲು ಬರುತ್ತಿತ್ತು, ಅಷ್ಟೇ. ಅವರು ಮಾತಿನವರೂ ಅಲ್ಲ. ಎತ್ತುಗಳ ಜೊತೆ ಆಡಿದಷ್ಟು ಮಾತನ್ನು ನನ್ನ ಜೊತೆ ಆಡಿದ್ದರೆ ಸಾಕಿತ್ತು ಎಂದು ನಾನು ರೇಗಿಸುತ್ತಿದ್ದೆ. ಮೊದಮೊದಲು ಅದು ಬರೀ ತಮಾಷೆಯಾಗಿತ್ತು.

ನಮ್ಮ ಮೊದಲ ಮಗು ಹೆಣ್ಣು. ಎಂಟು ತಿಂಗಳಾಗಿತ್ತು, ಅಂಬೆಗಾಲಿಡುತ್ತಿತ್ತು. ಆಗ ದನದ ಕೊಟ್ಟಿಗೆಗೆ ಹೊಸ ಮಾಡು ಹಾಕಬೇಕೆಂದು ನನ್ನ ಗಂಡ ಹೆಗ್ಗಡದೇವನ ಕೋಟೆಯ ಕಾಡಿನ ಕಡೆಗೆ ಬಿದಿರು ತರಲು ಗಾಡಿ ಕಟ್ಟಿಕೊಂಡು ಹೋದರು. ಅವರು ಹೋದ ಮಾರನೆಯ ದಿನ ಮಗುವಿಗೆ ಜ್ವರ ಬಂತು. ನಾಟಿ ಔಷಧಿ ಅರೆದು ಹಾಕಿದೆವು, ಹಣೆಗೆ ವಿಭೂತಿ ಹಚ್ಚಿದೆವು, ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಲು ಪಕ್ಕದ ಮನೆಯ ಗಾಡಿ ಹೂಡಿಸಿದೆವು. ಗಾಡಿ ಹತ್ತುವ ಹೊತ್ತಿಗೆ ಮಗು ನನ್ನ ತೊಡೆಯ ಮೇಲೆಯೇ ಹೋಯಿತು. ಅವತ್ತೇ ಸಂಜೆ ನಮ್ಮ ಹೊಲದ ಬದುವಿನ ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿದರು.

ಗಂಡ ಬಂದದ್ದು ಅದಾದ ಎರಡು ದಿನಕ್ಕೆ. ಅತ್ತೆ ಹೊಸಿಲಲ್ಲೇ ನಿಂತು ವಿಷಯ ಹೇಳಿದರು. ಇವರು ಬಿದಿರು ಇಳಿಸಿದರು, ಎತ್ತಿಗೆ ನೀರು ಕುಡಿಸಿದರು, ಕಾಲು ತೊಳೆದು ಬಂದು ಮುದ್ದೆ ಉಂಡರು. ಆಮೇಲೆ ಒರಳು ಮಗುಚಿ ಹಾಕಿ ಅದರ ಮೇಲೆ ನಿಂತು, ತೊಲೆಗೆ ಕಟ್ಟಿದ್ದ ತೊಟ್ಟಿಲ ಹಗ್ಗ ಬಿಚ್ಚಿ, ತೊಟ್ಟಿಲನ್ನು ಅಟ್ಟಕ್ಕೆ ಹಾಕಿದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಈಗ ನನ್ನ ಕಡೆ ತಿರುಗುತ್ತಾರೆ, ಏನಾದರೂ ಕೇಳುತ್ತಾರೆ ಎಂದು ಕಾದೆ. ಹಗ್ಗವನ್ನು ಸುತ್ತಿ ಗೂಟಕ್ಕೆ ನೇತುಹಾಕಿ ಹೊಲಕ್ಕೆ ಹೊರಟುಹೋದರು. ಆ ದಿನ ಕೇಳಲಿಲ್ಲ, ಮರುದಿನ ಕೇಳಲಿಲ್ಲ, ಎರಡು ವರ್ಷ ಕೇಳಲಿಲ್ಲ.

ಸಮಾಧಾನ ಹೇಳಲು ಬಂದವರಿಗೆ ಮಾತ್ರ ಮಾತಿಗೆ ಬರವಿರಲಿಲ್ಲ. 'ಹೆಣ್ಣು ತಾನೆ ಬುಡವ್ವ, ಮುಂದಿಂದು ಗಂಡಾಯ್ತದೆ' ಎಂದಳು ಒಬ್ಬಳು. ಅವಳಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಅವಳು ಒಂದು ವರ್ಷ ನಮ್ಮ ಬಾಗಿಲಿಗೆ ಬರಲಿಲ್ಲ.

ಗಂಡನ ಮೇಲಿದ್ದ ಸಿಟ್ಟೇ ದೇವರ ಮೇಲೂ ಇತ್ತು. ನಮ್ಮ ಮನೆಯಲ್ಲಿ ಲಿಂಗಪೂಜೆ ಮಾಡದೆ ಯಾರೂ ತುತ್ತು ಎತ್ತುವಂತಿರಲಿಲ್ಲ. ಕೊರಳಲ್ಲಿ ಕಟ್ಟಿಕೊಂಡ ಕರಡಿಗೆಯಿಂದ ಲಿಂಗವನ್ನು ತೆಗೆದು, ಎಡಗೈ ಅಂಗೈಯಲ್ಲಿಟ್ಟು, ನೀರೆರೆದು, ಪತ್ರೆ ಇಟ್ಟು, ಆಮೇಲೆ ಊಟ. ನಾನು ದೇವರ ಕೋಣೆಗೆ ಹೋಗುತ್ತಿದ್ದೆ, ಬಾಗಿಲು ಮುಂದೆ ಮಾಡುತ್ತಿದ್ದೆ, ಕರಡಿಗೆ ಬಿಚ್ಚದೆ ಸುಮ್ಮನೆ ಕೂತು, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ಎದ್ದು ಬರುತ್ತಿದ್ದೆ. ಹೇಳದೆ ಕೇಳದೆ ಮಗುವನ್ನು ಎತ್ತಿಕೊಂಡು ಹೋದವನ ಹತ್ತಿರ ನನಗೇನು ಮಾತು? ಅತ್ತೆಗೆ ಗೊತ್ತಾಗಿತ್ತು. ನನ್ನ ಪೂಜೆಯ ತಟ್ಟೆಯಲ್ಲಿ ನೀರೇ ಇರುತ್ತಿರಲಿಲ್ಲ. ಯಾರಿಗೂ ತಿಳಿಯದಂತೆ ಆ ತಟ್ಟೆಯನ್ನು ತಾವೇ ತೊಳೆದಿಡುತ್ತಿದ್ದರು.

ಹೀಗಿರುವಾಗ ಹುಣಸೂರಿಗೆ ನಾಟಕದ ಕಂಪನಿಯೊಂದು ಬಂದು ಡೇರೆ ಹಾಕಿತು. ನಮ್ಮೂರ ಗಂಡಸರು ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬಂದರು. ಬಂದವರು ವಾರಗಟ್ಟಲೆ ನೆಲದ ಮೇಲಿರಲಿಲ್ಲ. ಉಳುವಾಗ ರಾಜನ ಮಾತು, ಗೊಬ್ಬರ ಹೊರುವಾಗ ಮಂತ್ರಿಯ ಮಾತು. ಕೊನೆಗೆ ಸುಗ್ಗಿ ಮುಗಿದ ಮೇಲೆ ಅದೇ ನಾಟಕವನ್ನು ಊರಲ್ಲಿ ಆಡುವುದೆಂದು ತೀರ್ಮಾನವಾಯಿತು. ಕಲಿಸುವುದಕ್ಕೆ ಹುಣಸೂರಿನಿಂದ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿದರು. ಅವರು ಸಾಬರು. ಮನೆತನದ ಕಸುಬು ತಗಡಿನ ಟ್ರಂಕು ಮಾಡುವುದು, ಆದರೆ ಪ್ರಾಯದಲ್ಲಿ ಕಂಪನಿಗಳಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುತ್ತ ಊರೂರು ತಿರುಗಿದವರು. ಹತ್ತಾರು ನಾಟಕಗಳು ಅವರ ನಾಲಿಗೆ ಮೇಲಿದ್ದವು. ನಮ್ಮ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಬಿಡಾರ. ನಮ್ಮ ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕುತ್ತಿರಲಿಲ್ಲ, ದಿನಕ್ಕೊಂದು ಮನೆಯಿಂದ ಅಕ್ಕಿ, ರಾಗಿ, ತರಕಾರಿ ಕೊಟ್ಟರೆ ಮೂರು ಕಲ್ಲು ಹೂಡಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಆಗ ಅದು ನಮಗೆ ತಪ್ಪೆನಿಸಿರಲಿಲ್ಲ, ಈಗ ಅನಿಸುತ್ತದೆ.

ಪಾತ್ರ ಹಂಚಿದಾಗ ರಾಣಿಯ ಪಾತ್ರ ನನ್ನ ಗಂಡನಿಗೆ ಬಂತು. ಅಷ್ಟು ಎತ್ತರಕ್ಕೆ ಹೋಗುವ ಗಂಟಲು ಊರಲ್ಲಿ ಇನ್ನೊಂದಿರಲಿಲ್ಲ. ಎತ್ತು ಹೊಡೆಯುವಾಗ ಅವರು ಕೂಗಿದರೆ ಮೂರು ಹೊಲದಾಚೆ ಕೇಳುತ್ತಿತ್ತು. ತಕರಾರು ಬಂದದ್ದು ಮೀಸೆಯ ವಿಷಯದಲ್ಲಿ. ತಂದೆ ಬದುಕಿರುವಾಗ ಮಗ ಮೀಸೆ ತೆಗೆಯುವಂತಿಲ್ಲ. ಮಾವ ಕೈಗೋಲು ಊರಿಕೊಂಡು ಪಡಸಾಲೆಯ ಮಧ್ಯೆ ನಿಂತರು.

'ನಾನಿನ್ನೂ ಮಣ್ಣಿಗೋಗಿಲ್ಲ ಕಣ್ರಪ್ಪ. ನಾನು ಸತ್ ಮ್ಯಾಲೆ ಬೇಕಾದ್ರೆ ರಾಣಿ ಮಾಡ್ಕಳ್ಳಿ' ಎಂದರು.

ಮೇಷ್ಟ್ರು ನಯವಾಗಿ, 'ಮೀಸೆ ತೆಗೆಯೋದು ಬೇಡ ಯಜಮಾನ್ರೆ. ಕತ್ತರಿಯಲ್ಲಿ ಜರಾ ಸಣ್ಣ ಮಾಡಿ, ಸಾಬೂನು ಮೆತ್ತಿ, ಮೇಲೆ ಬಣ್ಣ ಹಾಕ್ತೀನಿ. ನೀವೂ ಇರ್ತೀರಿ, ಮೀಸೇನೂ ಇರುತ್ತೆ' ಎಂದರು. ಮಾವ ಕೈಗೋಲನ್ನು ಗೋಡೆಗೆ ಒರಗಿಸಿ, ಸಾಬೂನು ಯಾವುದು ಎಂದು ಕೇಳಿದರು. ಅಲ್ಲಿಗೆ ಒಪ್ಪಿಗೆ ಸಿಕ್ಕಿತೆಂದೇ ಅರ್ಥ.

ಗಂಡನಿಗೆ ಓದಲು ಬಾರದ್ದರಿಂದ ಅವರ ಪಾತ್ರದ ಮಾತನ್ನು ಬರೆದುಕೊಡುವ ಕೆಲಸ ನನಗೆ ಬಿತ್ತು. ಮೇಷ್ಟ್ರ ಹಳೆಯ ಕೈಬರಹದ ಪುಸ್ತಕ ನೋಡಿ ನಕಲು ಮಾಡುವುದು, ಬೆಳಗಿನ ಹೊತ್ತು ಗಂಡನಿಗೆ ಓದಿ ಹೇಳುವುದು, ಅವರು ಬಾಯಿಪಾಠ ಮಾಡಿಕೊಳ್ಳುವುದು. ಎಷ್ಟೋ ದಿನಗಳ ಮೇಲೆ ನಾವಿಬ್ಬರು ಎದುರುಬದುರು ಕೂತದ್ದು ಹಾಗೆ. ಅವರು ನನ್ನನ್ನು 'ಸ್ವಾಮಿ, ಪ್ರಾಣನಾಥ' ಎನ್ನುತ್ತಿದ್ದರು, ನಾನು ರಾಜನ ದನಿಯಲ್ಲಿ ಉತ್ತರ ಕೊಡುತ್ತಿದ್ದೆ. ನಾಟಕದ ಮಾತು ಮುಗಿದ ಕೂಡಲೆ ಇಬ್ಬರಿಗೂ ಮಾತು ನಿಲ್ಲುತ್ತಿತ್ತು.

ಮೂರನೆಯ ಅಂಕದಲ್ಲಿ ಆ ಹಾಡು ಇತ್ತು. ರಾಜ್ಯ ಕಳೆದುಕೊಂಡು, ಮಗುವನ್ನೂ ಕಳೆದುಕೊಂಡ ರಾಣಿ ಯಾರದೋ ಮನೆಯಲ್ಲಿ ಕೂಲಿಗೆ ನಿಂತು ರಾಗಿ ಬೀಸುತ್ತ ಹಾಡುವುದು. ಅದನ್ನೂ ಪುಸ್ತಕ ನೋಡಿ ನಾನೇ ನಕಲು ಮಾಡಿದೆ:

ಕಿರೀಟ ಹೋದರೆ ಹೋಗಲಿ ಬಿಡು, ತಲೆ ಹಗುರಾಯಿತು ಶಿವನೇ
ಅರಮನೆ ಹೋದರೆ ಹೋಗಲಿ ಬಿಡು, ಆಕಾಶ ಉಳಿಯಿತು ಶಿವನೇ
ತೊಟ್ಟಿಲ ಹಗ್ಗವ ಬಿಚ್ಚಿದ ಕೈಗೆ ಕೆಲಸವ ನೀಡೋ ಶಿವನೇ

ಮೂರನೆಯ ಸಾಲು ಬರೆಯುವಾಗ ನನ್ನ ಕೈ ನಿಂತಿತು. ಆಮೇಲೆ ಬರೆದೆ. ಗಂಡನಿಗೆ ಓದಿ ಹೇಳುವಾಗ ಬೇಕೆಂದೇ ಆ ಸಾಲನ್ನು ಬಿಡಿಸಿ ಬಿಡಿಸಿ ಓದಿದೆ, ಮುಳ್ಳು ಚುಚ್ಚುವ ಹಾಗೆ. ನನ್ನೊಳಗೆ ಅಷ್ಟು ಕೆಟ್ಟತನ ಇತ್ತು, ಮುಚ್ಚಿಡುವುದಿಲ್ಲ. ಅವರು ಎದ್ದು ಎತ್ತಿಗೆ ಹುಲ್ಲು ಹಾಕಲು ಹೋದರು.

ಅಭ್ಯಾಸ ನಡೆಯುತ್ತಿದ್ದದ್ದು ನಮ್ಮ ಪಡಸಾಲೆಯಲ್ಲಿ, ಸಂಜೆ ದೀಪ ಹಚ್ಚಿದ ಮೇಲೆ. ಹೆಂಗಸರು ಅಲ್ಲಿ ಕೂರುವಂತಿರಲಿಲ್ಲ. ಗೋಡೆಯ ಈಚೆ ಬೀಸುವ ಕಲ್ಲು ಇತ್ತು. ಬೆಳಗಿನ ಜಾವ ಬೀಸುವ ರಾಗಿಯನ್ನು ನಾನು ಸಂಜೆಗೆ ಬದಲಾಯಿಸಿಕೊಂಡೆ. ಬೆಳಿಗ್ಗೆ ಕೈ ಹಿಡಿಯುತ್ತದೆ ಎಂದು ನೆಪ ಹೇಳಿದೆ. ಅತ್ತೆ ನಂಬಲಿಲ್ಲ, ಬೇಡ ಎನ್ನಲೂ ಇಲ್ಲ.

ಬೀಸುವ ಪದಗಳು ನನಗೆ ಬೇಕಾದಷ್ಟು ಬರುತ್ತಿದ್ದವು. ಅವನ್ನೆಲ್ಲ ಬಿಟ್ಟು ನಾನು ರಾಣಿಯ ಹಾಡಿನ ತಾಳಕ್ಕೆ ಕಲ್ಲು ತಿರುಗಿಸತೊಡಗಿದೆ. ಅದು ನಿಧಾನದ ಹಾಡು. ಕಲ್ಲು ನಿಧಾನವಾಗಿ ತಿರುಗಿದರೆ ಹಿಟ್ಟು ಏನಾಗುತ್ತದೆ ಎಂದು ರಾಗಿ ಬೀಸಿದ ಯಾರನ್ನು ಬೇಕಾದರೂ ಕೇಳಿ. ತರಿತರಿ ಹಿಟ್ಟು, ಮುದ್ದೆಯ ತುಂಬ ಗಂಟು.

'ಏನವ್ವ, ಹಿಟ್ಟಲ್ಲಿ ಮರಳು ಬೆರೆಸಿದ್ದೀಯಾ?' ಎಂದರು ಮಾವ ಒಂದು ದಿನ ಮುದ್ದೆ ಮುರಿಯುತ್ತ.

'ಮರಳಲ್ಲ, ನಾಟಕ ಬೆರೆಸವ್ಳೆ. ರಾಗಿ ಬೀಸಾಕೆ ರಾಗಿ ಪದ ಐತೆ, ಇವಳಿಗೆ ರಾಣಿ ಪದ ಬೇಕು' ಎಂದರು ಅತ್ತೆ. ಗಂಡ ತಲೆ ಎತ್ತದೆ ಉಂಡರು.

ಆದರೆ ಗೋಡೆಯಾಚೆ ನನ್ನ ಕಲ್ಲಿಗೆ ಬೇರೆ ಮರ್ಯಾದೆ ಸಿಕ್ಕಿತು. ತಬಲಾ ಹೊಡೆಯುತ್ತಿದ್ದವನು ನಮ್ಮೂರಿನವನೇ, ತಾಳ ಎಂದರೆ ಓಡುವುದು ಎಂದುಕೊಂಡಿದ್ದ. ಮೇಷ್ಟ್ರು ಅವನನ್ನು ಗದರಿಸಿ, 'ನಿನ್ನ ಕೈ ನಿಲ್ಲಿಸು. ಒಳಗಡೆ ಕಲ್ಲು ತಿರುಗ್ತಿದೆ ನೋಡು, ಅದನ್ನು ಕೇಳು. ಆ ಸುತ್ತು ಸರಿಯಾಗಿದೆ' ಎಂದರು. ಅವತ್ತಿನಿಂದ ಆ ಹಾಡಿಗೆ ನನ್ನ ಬೀಸುವ ಕಲ್ಲೇ ತಾಳ. ಕಲ್ಲಿನ ಗೂಟ ನನ್ನ ಮಂಡಿಯ ಹತ್ತಿರ ಬರುವಾಗ 'ಶಿವನೇ' ಬೀಳಬೇಕು. ಬೀಳದಿದ್ದರೆ ಮೇಷ್ಟ್ರಿಗೆ ಕೋಪ. ದಿನಾ ವಿಭೂತಿ ಹಚ್ಚುವವರಿಗೆ ಶಿವನ ಹೆಸರು ಹೊತ್ತಿಗೆ ಸರಿಯಾಗಿ ಹೇಳಲು ಬರುವುದಿಲ್ಲವೇ ಎಂದು ಆ ಸಾಬರು ನಮ್ಮ ಗಂಡಸರನ್ನೆಲ್ಲ ಬೈಯುತ್ತಿದ್ದರು. ನಾನು ಒಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ನಗು ನಿಂತದ್ದು ಗಂಡ ಮೂರನೆಯ ಸಾಲಿಗೆ ಬಂದಾಗ. ಮೊದಲೆರಡು ಸಾಲನ್ನು ಅವರು ತುಂಬುಗಂಟಲಲ್ಲಿ ಹಾಡಿದರು. ಮೂರನೆಯದು ಬರಲೇ ಇಲ್ಲ. ಪೆಟ್ಟಿಗೆ ಒಂದೇ ಒಂದು ಸುತ್ತು ಬರಿದೇ ನುಡಿಯಿತು. ಮರೆತರೆಂದು ಮೇಷ್ಟ್ರು ಎತ್ತಿಕೊಟ್ಟರು. ಮತ್ತೆ ಎರಡು ಸಾಲು, ಮತ್ತೆ ಮೌನ. ಮರುದಿನವೂ ಹಾಗೇ, ಅದರ ಮರುದಿನವೂ. ಇವನಿಗೆ ದಮ್ಮು ಸಾಲದು ಎಂದರು ಕೆಲವರು. ಬಾಯಿಪಾಠ ಆಗಿಲ್ಲ ಎಂದು ಮೇಷ್ಟ್ರು ರೇಗಿದರು. ಗಂಡ ಬೈಸಿಕೊಂಡರು.

ನನಗೆ ಗೊತ್ತಿತ್ತು. ಬೆಳಿಗ್ಗೆ ನನ್ನೆದುರು ಅದೇ ಸಾಲನ್ನು ಅವರು ತುಟಿ ಅಲ್ಲಾಡಿಸಿ ಒಪ್ಪಿಸುತ್ತಿದ್ದರು, ದನಿ ಮಾತ್ರ ಹೊರಡುತ್ತಿರಲಿಲ್ಲ. ಆ ಮನೆಯಲ್ಲಿ ತೊಟ್ಟಿಲ ಹಗ್ಗ ಬಿಚ್ಚಿದ ಕೈ ಯಾವುದು ಎಂದು ನಾನು ಕಣ್ಣಾರೆ ನೋಡಿದ್ದೆನಲ್ಲ. ಎರಡು ವರ್ಷ ನಾನು ಕಲ್ಲು ಎಂದುಕೊಂಡಿದ್ದ ಮನುಷ್ಯ ಒಂದು ಸಾಲು ಹಾಡಲಾರದೆ ಹತ್ತು ಜನರೆದುರು ಬೈಸಿಕೊಳ್ಳುತ್ತಿದ್ದ. ಆ ಸಾಲನ್ನು ಮುಳ್ಳು ಮಾಡಿ ಚುಚ್ಚಿದವಳು ನಾನು. ನನಗೆ ನಾಚಿಕೆಯಾಯಿತು.

ಅವತ್ತು ಸಂಜೆ ಮತ್ತೆ ಅದೇ ಜಾಗ ಬಂತು. ಎರಡನೆಯ ಸಾಲು ಮುಗಿಯಿತು, ಪೆಟ್ಟಿಗೆ ಕಾಯಿತು. ನನ್ನ ಕಲ್ಲಿನ ಗೂಟ ತಿರುಗಿ ಮಂಡಿಯ ಹತ್ತಿರ ಬರುತ್ತಿತ್ತು. ನಾನು ಬಾಯಿ ತೆರೆದು ಹಾಡಿಬಿಟ್ಟೆ. ತೊಟ್ಟಿಲ ಹಗ್ಗವ ಬಿಚ್ಚಿದ ಕೈಗೆ ಕೆಲಸವ ನೀಡೋ ಶಿವನೇ. ಸಣ್ಣ ದನಿಯಲ್ಲೇನೂ ಅಲ್ಲ. ಊರಿನ ಅಷ್ಟು ಗಂಡಸರ ಕಿವಿಗೆ ಸೊಸೆಯ ದನಿ ಬಿತ್ತು.

ಅತ್ತೆ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದರು. ಮಾವ ಕೆಮ್ಮಿದರು. ಬೈಗುಳಕ್ಕೆ ಕೆಮ್ಮು ಪೀಠಿಕೆ ಎಂದುಕೊಂಡೆ. ಆದರೆ ಅವರು ಹೇಳಿದ್ದು, 'ಎಣ್ಣೆ ಕಮ್ಮಿ ಆಗೈತೆ, ದೀಪಕ್ಕೆ ಆಕ್ರಲಾ' ಎಂದಷ್ಟೇ. ಗಂಡ ಮಾತ್ರ ಎದ್ದು ಹೊರಗೆ ಹೋದ ಸದ್ದು ಕೇಳಿಸಿತು.

ಮರುದಿನ ಆ ಸಾಲನ್ನೇ ತೆಗೆದುಬಿಡುವುದೆಂದು ಮೇಷ್ಟ್ರು ಹೇಳಿದ್ದು ಕಿವಿಗೆ ಬಿತ್ತು. ನನಗೆ ತಡೆಯಲಾಗಲಿಲ್ಲ. ರಾಗಿ ಹಿಟ್ಟು ಕೊಡುವ ನೆಪದಲ್ಲಿ ಬೆಳಿಗ್ಗೆ ಕೊಟ್ಟಿಗೆಯ ಜಗಲಿಗೆ ಹೋದೆ. ಅವರು ಒಲೆಗೆ ಪುಳ್ಳೆ ಒಟ್ಟುತ್ತಿದ್ದರು.

'ಆ ಸಾಲು ತೆಗೀಬೇಡಿ ಮೇಷ್ಟ್ರೇ' ಎಂದೆ.

'ತಾಯಿ, ನಿಮ್ಮ ಯಜಮಾನ್ರಿಗೆ ಅದು ಬರ್ತಾ ಇಲ್ಲ. ಅಷ್ಟು ಜನದ ಮುಂದೆ ನಿಂತುಬಿಟ್ರೆ ನಗೆಪಾಟಲು.'

'ಬರದೆ ಇರೋದಲ್ಲ. ನಮ್ಮ ಮಗು ಹೋದಾಗ ತೊಟ್ಟಿಲು ಬಿಚ್ಚಿದ್ದು ಅವರೇ. ಅದರ ವಿಷಯ ಅವರು ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ಅವರಿಗೆ ಮಾತು ಇರೋದು ಆ ಸಾಲಿನಲ್ಲಿ ಮಾತ್ರ. ಅದನ್ನೂ ಕಿತ್ಕೊಂಡ್ರೆ ಇನ್ನೇನು ಉಳೀತು?'

ಮೇಷ್ಟ್ರು ಕೈಯಲ್ಲಿದ್ದ ಪುಳ್ಳೆಯನ್ನು ಕೆಳಗಿಟ್ಟರು.

'ನನಗೆ ಯಾರೂ ಹೇಳಲಿಲ್ಲ ತಾಯಿ. ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ' ಎಂದರು. ಆಮೇಲೆ, 'ನಮ್ಮ ಮನೇಲೂ ಎರಡು ಮಕ್ಕಳು ಹೋದವು. ನಾನು ಪೆಟ್ಟಿಗೆ ತಗೊಂಡು ಊರೂರು ಸುತ್ತಿದೆ, ಅವರಮ್ಮ ಮನೇಲಿ ಒಬ್ಬಳೇ ಅತ್ತಳು' ಎಂದರು. ಸಾಲು ಇರುತ್ತದೆ ಎಂದು ಮಾತು ಕೊಟ್ಟರು. 'ಅವರಿಗೆ ಗಂಟಲು ಕಟ್ಟಿದರೆ ನಾನು ಸ್ವರ ಹಿಡ್ಕೊಂಡು ಕಾಯ್ತೀನಿ. ಎಷ್ಟು ಹೊತ್ತಾದರೂ ಬೆರಳು ಎತ್ತೋದಿಲ್ಲ.'

ಅವರು ಬೇಯಿಸಿಕೊಳ್ಳುವ ಹೊತ್ತಿಗೆ ನಾನು ವಾಪಸು ಬಂದು ಕಲ್ಲಿನ ಮುಂದೆ ಕೂತೆ. ಯಾರೂ ಇರಲಿಲ್ಲ. ಹಾಡಿಕೊಂಡು ಬೀಸಿದೆ. ಅವತ್ತು ಮೊದಲ ಸಲ ಆ ಹಾಡನ್ನು ಗಂಡನ ಹಾಡಾಗಿ ಅಲ್ಲ, ನನ್ನದಾಗಿ ಕೇಳಿಸಿಕೊಂಡೆ. ಈ ರಾಣಿ ಕಿರೀಟ ವಾಪಸು ಕೊಡು ಎನ್ನುವುದಿಲ್ಲ. ಮಗುವನ್ನು ವಾಪಸು ಕೊಡು ಎಂದೂ ಅನ್ನುವುದಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೂಡ ಕೇಳುವುದಿಲ್ಲ. ಕೈ ಬರಿದಾಗಿದೆ, ಕೆಲಸ ಕೊಡು ಎನ್ನುತ್ತಾಳೆ, ಅದೂ ಕೂಲಿಯವಳು ಯಜಮಾನನನ್ನು ಕೇಳುವಂತೆ ತಲೆ ಎತ್ತಿಕೊಂಡು. ನಾನು ಎರಡು ವರ್ಷ ದೇವರ ಎದುರು ಕೂತು ಲೆಕ್ಕಾಚಾರದ ಜಗಳ ಆಡಿದ್ದೆ. ನನಗೆ ಅವನು ಕೊಡಬೇಕಾದದ್ದು ಬಾಕಿ ಇದೆ ಎಂದೇ ಹಟ ಹಿಡಿದಿದ್ದೆ. ಕಾಯಕ, ಕಾಯಕ ಎಂದು ನಮ್ಮ ಜನ ದಿನಬೆಳಗಾದರೆ ಹೇಳುವ ಮಾತನ್ನು ನಾನೂ ಸಾವಿರ ಸಲ ಕೇಳಿದ್ದೆ, ಅದು ಸೋಮಾರಿಗಳನ್ನು ಎಬ್ಬಿಸುವ ಮಾತು ಎಂದುಕೊಂಡಿದ್ದೆ. ದುಃಖಪಟ್ಟವರ ಕೈ ಹಿಡಿಯುವ ಮಾತೂ ಹೌದು ಎಂದು ತಿಳಿದದ್ದು ಕಂಪನಿ ನಾಟಕದ ಹಾಡಿನಿಂದ, ಅದನ್ನು ಕಲಿಸಿದ ಸಾಬರಿಂದ. ಹೀಗೆ ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಮಗು ಹೋದ ಮರುದಿನ ಬೆಳಗಿನ ಜಾವವೂ ಈ ಕೈಗಳು ರಾಗಿ ಬೀಸಿದ್ದವು. ಶಿವ ನನ್ನ ಜೊತೆ ಮಾತು ಬಿಟ್ಟಿದ್ದ ಎನ್ನುವುದು ಸುಳ್ಳು. ದಿನಾ ಕಲ್ಲಿನ ಗೂಟ ಹಿಡಿದಾಗ ಇನ್ನೊಂದು ಪಕ್ಕ ಹಿಡಿದು ಕೂತಿದ್ದವನು ಅವನೇ ಎಂದು ನನಗೆ ಅವತ್ತು ಖಚಿತವಾಯಿತು. ಈಗಲೂ ಖಚಿತವಾಗಿಯೇ ಇದೆ.

ಕೈ ತೊಳೆದುಕೊಂಡು ದೇವರ ಕೋಣೆಗೆ ಹೋದೆ. ಕರಡಿಗೆ ಬಿಚ್ಚಿದೆ. ಲಿಂಗವನ್ನು ಅಂಗೈಯಲ್ಲಿಟ್ಟು ನೀರೆರೆಯುವಾಗ ಮಂತ್ರ ಬಾಯಿಗೆ ಬರಲಿಲ್ಲ, ಆ ಹಾಡೇ ಬಂತು. ಹಾಡಿದೆ. ಹೊರಗೆ ಬಂದಾಗ ಮಾವ ಬಾಗಿಲ ಪಕ್ಕದಲ್ಲೇ ನಿಂತಿದ್ದರು.

'ಅದ್ಯಾವ ಮಂತ್ರ ಮಗ?' ಎಂದರು.

'ರಾಣಿ ಮಂತ್ರ ಮಾವ.'

'ಆಗ್ಲಿ ಬುಡು. ಆ ಸಾಮಿಗೂ ದಿನಾ ಒಂದೇ ಕೇಳಿ ಬ್ಯಾಸರ ಆಗಿರ್ತದೆ' ಎಂದು ಹೋದರು. ಅತ್ತೆ ನನ್ನ ತಟ್ಟೆಯಲ್ಲಿ ನೀರು ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನನ್ನದು ಸರಿಹೋಯಿತು. ಗಂಡನದು ಹಾಗೇ ಉಳಿಯಿತು. ಅಭ್ಯಾಸದ ಕೊನೆಯ ದಿನದವರೆಗೂ ಅವರು ಆ ಸಾಲು ಹಾಡಲಿಲ್ಲ. ಮೇಷ್ಟ್ರು ಬೈಯುವುದನ್ನು ನಿಲ್ಲಿಸಿದ್ದರು. ಪೆಟ್ಟಿಗೆಯ ಸ್ವರ ಹಿಡಿದು ಕಾಯುತ್ತಿದ್ದರು, ಒಂದು ಸುತ್ತು, ಎರಡು ಸುತ್ತು, ಆಮೇಲೆ ಮುಂದಿನ ಮಾತಿಗೆ ಹೋಗುತ್ತಿದ್ದರು. ನಾನೂ ಮತ್ತೆ ಹಾಡಲಿಲ್ಲ. ಅದು ಅವರು ಆಡಬೇಕಾದ ಮಾತು, ನಾನು ಆಡಿ ಮುಗಿಸಿದರೆ ಅವರ ಎದೆಯಲ್ಲಿ ಅದು ಹಾಗೇ ಕೂತಿರುತ್ತದೆ ಎಂದು ನನಗೆ ಅನಿಸಿತ್ತು.

ನಾಟಕದ ದಿನ ಬಂತು. ಊರ ಮುಂದಿನ ಕಣದಲ್ಲಿ ಚಪ್ಪರ, ಹುಣಸೂರಿನಿಂದ ತಂದ ಪರದೆ, ಎರಡು ಗ್ಯಾಸ್‌ಲೈಟು. ಗುರುಪುರದ ಕಡೆಯಿಂದಲೂ ನೆಂಟರು ಗಾಡಿ ಕಟ್ಟಿಕೊಂಡು ಬಂದಿದ್ದರು. ಮುಂದೆ ಕುರ್ಚಿಯ ಮೇಲೆ ಶಾನುಭೋಗರು, ಪಟೇಲರು. ಎಡಕ್ಕೆ ಗಂಡಸರು, ಬಲಕ್ಕೆ ಚಾಪೆಯ ಮೇಲೆ ನಾವು ಹೆಂಗಸರು. ರಾಣಿಗೆ ಉಡಿಸಲು ಕೊಟ್ಟದ್ದು ನನ್ನ ಹಸಿರು ಸೀರೆ. ಪರದೆ ಎದ್ದಾಗ ಪಕ್ಕದವಳು, 'ನಿನಗಿಂತ ನಿನ್ನ ಗಂಡಂಗೇ ಆ ಸೀರೆ ಒಪ್ತದೆ ಕಣೆ' ಎಂದಳು. ಸುಳ್ಳೇನಲ್ಲ, ಒಪ್ಪುತ್ತಿತ್ತು. ಮೀಸೆ ಎಲ್ಲಿಗೆ ಹೋಯಿತೋ, ಮೇಷ್ಟ್ರು ಅಷ್ಟು ಚೆನ್ನಾಗಿ ಮೆತ್ತಿದ್ದರು.

ಮೂರನೆಯ ಅಂಕದಲ್ಲಿ ರಂಗದ ಮೇಲೆ ನಮ್ಮ ಮನೆಯ ಬೀಸುವ ಕಲ್ಲನ್ನೇ ತಂದಿಟ್ಟಿದ್ದರು. ರಾಣಿ ಕೂತು ಗೂಟ ಹಿಡಿದಳು. ಮೊದಲ ಸಾಲಿಗೆ ಜನ ತಲೆದೂಗಿದರು. ಎರಡನೆಯ ಸಾಲಿಗೆ ಹೆಂಗಸರ ಕಡೆಯಿಂದ ಲೊಚಗುಟ್ಟುವ ಸದ್ದು ಕೇಳಿತು. ಆಮೇಲೆ ಎಂದಿನಂತೆ ದನಿ ನಿಂತಿತು.

ಮೇಷ್ಟ್ರು ಕೊಟ್ಟ ಮಾತು ಉಳಿಸಿಕೊಂಡರು. ಪೆಟ್ಟಿಗೆಯಿಂದ ಒಂದೇ ಸ್ವರ ಹೊರಡುತ್ತಲೇ ಇತ್ತು. ಒಂದು ಸುತ್ತು ಹೋಯಿತು, ಎರಡು ಹೋಯಿತು, ಮೂರು ಹೋಯಿತು. ಇದೂ ಒಂದು ಕಲೆ ಎಂದುಕೊಂಡು ಜನ ಉಸಿರು ಬಿಗಿಹಿಡಿದು ಕೂತರು. ತಬಲಾದವನು ಗಾಬರಿಯಾಗಿ ಮೇಷ್ಟ್ರ ಮುಖ ನೋಡಿದ, ಅವರು ಬೆರಳು ಎತ್ತಲಿಲ್ಲ. ಅತ್ತೆ ನನ್ನ ಮುಂಗೈ ಹಿಡಿದಿದ್ದರು, ಬಳೆ ಒತ್ತಿ ನೋಯುತ್ತಿತ್ತು. ಗಂಡ ಕಲ್ಲನ್ನು ಒಂದು ಸಲ ತಿರುಗಿಸಿದರು, ಇನ್ನೊಂದು ಸಲ ತಿರುಗಿಸಿದರು. ಆಮೇಲೆ ಹಾಡಿದರು.

ರಾಗ ಸರಿಯಿರಲಿಲ್ಲ. 'ತೊಟ್ಟಿಲ' ಎನ್ನುವಲ್ಲಿ ಒಡೆದ ದನಿ ಕೊನೆಯವರೆಗೂ ಕೂಡಲಿಲ್ಲ. ಕಣ್ಣೀರು ಇಳಿದು, ಅದರ ಹಿಂದೆ ಬಣ್ಣ ಇಳಿದು, ಸಾಬೂನು ಕರಗಿ, ರಾಣಿಯ ಮುಖದಲ್ಲಿ ಮೀಸೆ ಮೂಡಿತು. ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ಗಂಡಸರ ಕಡೆಯಿಂದ ಯಾರೋ 'ಒನ್ಸ್ ಮೋರ್' ಎಂದು ಕೂಗಿದರು. ಕಂಪನಿ ನಾಟಕದಲ್ಲಿ ಕಲಿತು ಬಂದ ಮಾತು ಅದು, ಕೂಗಿದರೆ ಪಾತ್ರಧಾರಿ ಮತ್ತೆ ಹಾಡಲೇಬೇಕು. ಮೇಷ್ಟ್ರು ನನ್ನ ಗಂಡನ ಕಡೆ ನೋಡಿದರು. ಗಂಡ ತಲೆಯಾಡಿಸಿದರು. ಮತ್ತೆ ಹಾಡಿದರು, ಈ ಸಲ ಕಾಯಿಸಲಿಲ್ಲ. ಜನ ಮತ್ತೆ ಕೂಗಿದರು. ಅವರು ಇನ್ನೊಮ್ಮೆ ಹಾಡಿದರು. ಎರಡು ವರ್ಷ ಒಂದು ಸಲವೂ ಆಡಲಾಗದ ಮಾತನ್ನು ಅವತ್ತು ಮೂರು ಊರಿನ ಜನರ ಮುಂದೆ ಮೂರು ಸಲ ಆಡಿದರು, ಮೂರನೆಯ ಸಲ ದನಿ ಗಟ್ಟಿಯಾಗಿತ್ತು.

ಮಂಗಳ ಹಾಡಿ ಪರದೆ ಇಳಿಸುವಾಗ ಬೆಳಕು ಹರಿದಿತ್ತು. ಜನ ಚಾಪೆ ಸುತ್ತಿಕೊಂಡು ಹೊರಟರು. ಗಂಡ ನನ್ನ ಸೀರೆಯನ್ನು ಮಡಿಸಿ ಅತ್ತೆಯ ಕೈಗೆ ಕೊಟ್ಟು, ಪಂಚೆ ಸುತ್ತಿಕೊಂಡು, ಮುಖವನ್ನೂ ತೊಳೆಯದೆ ಹೊಲದ ದಾರಿ ಹಿಡಿದರು. ಹೋಗು ಎನ್ನುವಂತೆ ಅತ್ತೆ ನನ್ನ ಬೆನ್ನಿನ ಮೇಲೆ ಕೈಯಿಟ್ಟರು. ನಾನು ಹಿಂದೆಯೇ ಹೋದೆ.

ಹೊಂಗೆ ಮರದ ಹತ್ತಿರ ಅವರು ಬದುವಿನ ಮೇಲೆ ಕೂತರು. ಅಲ್ಲಿ ಗುರುತಿಗೆ ಯಾವ ಕಲ್ಲೂ ಇರಲಿಲ್ಲ, ಮರದ ಬುಡ ಎಂದಷ್ಟೇ ಗೊತ್ತಿದ್ದ ಅವರು ಸರಿಯಾದ ಜಾಗ ಎಲ್ಲಿ ಎಂದು ಯಾರನ್ನೂ ಕೇಳಿರಲಿಲ್ಲ. ನಾನು ತೋರಿಸಿದೆ. ಅವರು ಆ ಜಾಗದ ಹುಲ್ಲನ್ನು ಒಂದೊಂದಾಗಿ ಕಿತ್ತರು. ನಾನು ಪಕ್ಕದಲ್ಲಿ ಕೂತೆ. ಅವರು ತಲೆ ಎತ್ತದೆ ಕೇಳಿದರು.

'ನಾನು ಬಿದಿರಿಗೆ ಕೋಟೆಗೋಗಿದ್ದಾಗ, ಅವಳು ನನ್ನ ಉಡುಕಿದ್ಲಾ?'

ಗಾಡಿ ಬರುವ ಸದ್ದಾದರೆ ಮಗು ಅಪ್ಪ ಬಂದನೆಂದು ಬಾಗಿಲ ಕಡೆ ತಿರುಗುತ್ತಿತ್ತು. ಜ್ವರದಲ್ಲೂ ಬೀದಿಯಲ್ಲಿ ಯಾರದೋ ಗಾಡಿ ಹೋದಾಗಲೆಲ್ಲ ತಿರುಗಿತ್ತು, ಕೊನೆಗೆ ಪಕ್ಕದ ಮನೆಯವರು ಗಾಡಿ ಹೂಡಿ ತಂದಾಗಲೂ. ಇದನ್ನು ನಾನು ಎರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ, ಒಂದು ದಿನ ಇವರ ಮುಖದ ಮೇಲೆ ಎಸೆಯಬೇಕೆಂದು. ಅವತ್ತು ಬೆಳಿಗ್ಗೆ ಆ ಸಿಟ್ಟನ್ನು ಎಷ್ಟು ಹುಡುಕಿದರೂ ನನ್ನೊಳಗೆ ಸಿಗಲಿಲ್ಲ. ಸುಳ್ಳು ಹೇಳುವ ಮನಸ್ಸೂ ಬರಲಿಲ್ಲ. ಅವರ ಮಣ್ಣಾದ ಕೈಯನ್ನು ಹಿಡಿದುಕೊಂಡೆ.

'ಹೂಂ' ಎಂದೆ, 'ಕೊನೇವರೆಗೂ ಉಡುಕಿದ್ಲು.'